ಬೋರ್ಡ್ ಬರೆಯುವವನ ಸಹಿ ಮತ್ತು ಮೂರನೇ ಅರ್ಜಿ

ನಮ್ಮ ಅಂಗಡಿಯ ಎದುರಿಗಿರುವ ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ,

ಮಾನ್ಯರೇ,

ನಾನು ನಾನೇ ಹೌದೋ ಅಲ್ಲವೋ ಎಂಬ ಅನುಮಾನ ತಮ್ಮ ಕಚೇರಿಗೆ ಇನ್ನೂ ಬಗೆಹರಿದಿಲ್ಲ. ನನ್ನ ಮತ್ತು ನನ್ನ ಅಕ್ಕನ ಹೆಸರಿನಲ್ಲಿ ಜಂಟಿ ಖಾತೆ ತೆರೆಯಬೇಕೆಂದು ಕೋರಿದ ಅರ್ಜಿಯನ್ನು ತಾವು ಎರಡು ಸಲ ತಿರಸ್ಕರಿಸಿದ್ದೀರಿ. ಮೊದಲ ಸಲದ ಕಾರಣ, ನನ್ನ ಸಹಿಗಳು ಒಂದರಂತೆ ಇನ್ನೊಂದಿಲ್ಲ. ಎರಡನೇ ಸಲದ ಕಾರಣ, ನನ್ನ ಸಹಿಗಳು ತೀರಾ ಒಂದೇ ಥರ ಇವೆ. ಈ ವಾರ ಮೂರನೇ ಅರ್ಜಿ ಹಾಕುತ್ತಿದ್ದೇನೆ. ತಮ್ಮ ಕೋಣೆಯ ಹೊರಗಿನ ಬೆಂಚನ್ನು ಸಾಕಷ್ಟು ಸವೆಸಿದ್ದಾಯಿತು. ಈ ಸಲ ನಾಲ್ಕು ಜನರ ಎದುರಿಗೇ ಮಾತಾಡಿಬಿಡೋಣವೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಬೋರ್ಡ್ ಬರೆಯುವವನು. ಮೂವತ್ತು ವರ್ಷಗಳಿಂದ ಈ ಬೀದಿಯ ಹಲ್ಲಿನ ಡಾಕ್ಟರು, ಬೀಗ ರಿಪೇರಿಯವರು, ಕನ್ನಡಕದಂಗಡಿಯವರು ಎಲ್ಲರೂ ನಾನು ಬರೆದ ಅಕ್ಷರಗಳ ಕೆಳಗೇ ಕೂತು ಸಂಸಾರ ನಡೆಸಿದ್ದಾರೆ. ತಮ್ಮ ಬ್ಯಾಂಕಿನ ಬಾಗಿಲ ಮೇಲಿನ ಹೆಸರೂ ನನ್ನ ಕೈಯದೇ. ಅಷ್ಟೇ ಏಕೆ, ನನ್ನ ಅರ್ಜಿ ಎರಡು ಸಲವೂ ಎಡವಿ ಬಿದ್ದ ಮೂರನೇ ಕೌಂಟರಿನ ಮೇಲೆ ‘ಸಹಿಯು ಮಾದರಿ ಸಹಿಯಂತೆಯೇ ಇರತಕ್ಕದ್ದು’ ಎಂಬ ಫಲಕ ತೂಗುತ್ತಿದೆಯಲ್ಲ, ಅದನ್ನು ಬರೆದ ಪುಣ್ಯಾತ್ಮನೂ ನಾನೇ. ಅದನ್ನು ತೂಗುಹಾಕಿದ ದಿನ ತಾವು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಅಕ್ಷರ ಅಂದ್ರೆ ಹೀಗಿರ್ಬೇಕು ನೋಡ್ರಿ” ಎಂದಿರಿ. ನಾನು ಉಬ್ಬಿಹೋಗಿದ್ದೆ. ಬಾಗಿಲ ಮೇಲೆ ನಂಬಿಕೆಗೆ ಅರ್ಹವಾದ ಕೈ ಕಾಗದದ ಮೇಲೆ ಬಂದಕೂಡಲೇ ಹೇಗೆ ಕಳ್ಳಗೈಯಾಯಿತು, ಮಾನ್ಯರೇ?

ಮೊದಲ ಅರ್ಜಿಯ ದಿನ ಆದದ್ದಿಷ್ಟು. ತಮ್ಮ ನಮೂನೆಯಲ್ಲಿ ಸಹಿಗೆ ನಾಲ್ಕು ಚೌಕಗಳಿವೆ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಮೂರನೆಯದರ ಅರ್ಧ ಜಾಗವನ್ನು ಫೋಟೋ ತಿಂದಿದೆ, ನಾಲ್ಕನೆಯದು ಮೂಲೆಯಲ್ಲಿ ಉಸಿರುಗಟ್ಟಿ ನಿಂತಿದೆ. ನಮ್ಮ ಕಸುಬಿನ ಮೊದಲ ಪಾಠವೇ ಜಾಗ ನೋಡಿ ಅಕ್ಷರ ಬರೆಯುವುದು. ಉದ್ದ ಚೌಕದಲ್ಲಿ ಹೆಸರನ್ನು ಆರಾಮಾಗಿ ಕಾಲು ಚಾಚಿಸಿದೆ. ಗಿಡ್ಡದರಲ್ಲಿ ದಪ್ಪಗೆ ಕೂರಿಸಿದೆ. ಮೂರನೆಯದರಲ್ಲಿ ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಒತ್ತಿ ನಿಲ್ಲಿಸಿದೆ. ನಾಲ್ಕನೆಯದು ತೀರಾ ಮಂಕಾಗಿ ಕಂಡದ್ದರಿಂದ ಅಕ್ಷರಗಳ ಬಲಕ್ಕೆ ಒಂದಿಷ್ಟು ನೆರಳನ್ನೂ ಕೊಟ್ಟೆ. ಕೌಂಟರಿನ ಮೇಡಂ ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಸರ್, ಇದು ನಾಲ್ಕು ಜನ ಮಾಡಿದ ಸಹಿ ಥರ ಇದೆ.”

“ನಾಲ್ಕು ಅಳತೆ ಜಾಗ ಕೊಟ್ಟಿದ್ದೀರಲ್ಲಮ್ಮಾ!”

“ಜಾಗ ಹೇಗಾದ್ರೂ ಇರ್ಲಿ ಸರ್, ಮನುಷ್ಯ ಒಬ್ಬನೇ ತಾನೇ?”

ಹಾಗಾದರೆ ಹೆಬ್ಬೆಟ್ಟು ಒತ್ತುತ್ತೇನೆ ಎಂದೆ. ಓದುಬರಹ ಬಲ್ಲವರಿಗೆ ಆ ಸೌಲಭ್ಯವಿಲ್ಲವಂತೆ. ಪಕ್ಕದಲ್ಲಿದ್ದ ಅಕ್ಕನ ಸಹಿಗಳು ಮಾತ್ರ ನಾಲ್ಕೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು.

ಇಷ್ಟು ಪರದಾಟ ಬಿಟ್ಟು ಇದ್ದ ಖಾತೆಯಲ್ಲೇ ತೆಪ್ಪಗಿರಬಾರದೇ ಎಂದು ತಾವು ಕೇಳಬಹುದು. ಇರುತ್ತಿದ್ದೆ. ಆದರೆ ಹೋದ ವರ್ಷ ಔಷಧಿ ಅಂಗಡಿಯ ಬೋರ್ಡ್ ಬರೆಯುವಾಗ ಏಣಿಯಿಂದ ಬಿದ್ದು ಆರು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೆ. ನನ್ನ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ನನ್ನ ಜೊತೆ ದುಡಿಯುತ್ತಿದ್ದಾಳೆ. ನಾನು ಗೆರೆ ಎಳೆದು ಅಕ್ಷರ ಮೂಡಿಸುತ್ತೇನೆ, ಅವಳು ಒಳಗೆ ಬಣ್ಣ ತುಂಬುತ್ತಾಳೆ. ಈ ಬೀದಿಯಲ್ಲಿ ನನ್ನದೆಂದು ಹೊಗಳಿಸಿಕೊಂಡ ಅಕ್ಷರಗಳ ಮುಕ್ಕಾಲು ಪಾಲು ಅವಳದು. ನಾನು ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತ ಐದು ಬೋರ್ಡುಗಳನ್ನು ಮುಗಿಸಲು ಅವಳಿಗೆ ಬಣ್ಣ ಬೇಕಿತ್ತು. ಬಣ್ಣಕ್ಕೆ ದುಡ್ಡು ತಮ್ಮ ಬ್ಯಾಂಕಿನಲ್ಲಿತ್ತು. ಮಲಗಿದಲ್ಲೇ ನಾನು ಸಹಿ ಹಾಕಿಕೊಟ್ಟ ಚೀಟಿ ಹಿಡಿದು ಅವಳು ಮೂರು ಸಲ ರಸ್ತೆ ದಾಟಿದಳು, ಮೂರು ಸಲವೂ ಬರಿಗೈಯಲ್ಲಿ ಬಂದಳು. ನನ್ನ ಮುಖ ನೋಡಿಯೇ ದುಡ್ಡು ಎಣಿಸುತ್ತಿದ್ದ ಹಳೆಯ ಕ್ಯಾಷಿಯರು ನಿವೃತ್ತರಾಗಿದ್ದರು. ಹೊಸಬರು ಅಕ್ಕನನ್ನು ಕೇಳಿದರಂತೆ: “ನೀವು ಯಾರು?” ಅವತ್ತು ಅವಳು ಮನೆಗೆ ಬಂದು ಚೀಟಿಯನ್ನು ನನ್ನ ಪ್ಲಾಸ್ಟರ್ ಮೇಲಿಟ್ಟು, “ಇಪ್ಪತ್ತೆರಡು ವರ್ಷ ಆಯ್ತು ಕಣೋ. ನಾನು ಯಾರು ಅಂತ ಹೇಳೋಕೆ ಒಂದು ಚೂರು ಕಾಗದ ಇಲ್ವಲ್ಲೋ” ಎಂದಳು. ಕಾಲಿನ ನೋವಿಗೆ ಕಣ್ಣಲ್ಲಿ ನೀರು ಬಂತೆಂದು ನಾನು ಸುಳ್ಳು ಹೇಳಿದೆ. ಜಂಟಿ ಖಾತೆಯ ಹಿಂದಿರುವುದು ಇಷ್ಟೇ.

ಎರಡನೇ ಅರ್ಜಿಗೆ ಉಪಾಯ ಹೂಡಿದವಳೂ ಅಕ್ಕನೇ. “ಒಂದೇ ಥರ ಬೇಕು ತಾನೇ? ಒಂದೇ ಥರ ಬರೋ ಹಾಗೆ ಮಾಡ್ತೀನಿ ಇರು” ಎಂದು ಬಣ್ಣದ ಡಬ್ಬಿಯ ತಗಡನ್ನು ಬಿಡಿಸಿ, ನನ್ನ ಸಹಿಯನ್ನೇ ಕೊರೆದು ಚೆಂದದ ಸ್ಟೆನ್ಸಿಲ್ ಮಾಡಿಕೊಟ್ಟಳು. ಮೂರನೇ ಕೌಂಟರಿಗೆ ಹೋಗಿ, ತಗಡನ್ನು ನಾಲ್ಕು ಚೌಕಗಳ ಮೇಲೂ ಇಟ್ಟು, ಸ್ಪಂಜಿನಿಂದ ಶಾಯಿ ತಟ್ಟಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ! ಗೆದ್ದೆನೆಂದು ಮೀಸೆ ತಿರುವುತ್ತಿರುವಾಗ ಮೇಡಂ ಮೆಲ್ಲಗೆ, “ಸರ್, ಇದು ಸಹಿ ಅಲ್ಲ, ಬೋರ್ಡು” ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಆದರೂ ಕೇಳುತ್ತೇನೆ: ಬೇರೆ ಬೇರೆ ಇದ್ದರೆ ಮೋಸ, ಒಂದೇ ಇದ್ದರೆ ಯಂತ್ರ, ಹಾಗಾದರೆ ಮನುಷ್ಯನ ಸಹಿ ಎಷ್ಟು ಅಂಗುಲ ತಪ್ಪಬೇಕೆಂದು ತಮ್ಮ ನಿಯಮಾವಳಿಯಲ್ಲಿ ಬರೆದಿದೆಯೇ? ಬರೆದಿದ್ದರೆ ಹೇಳಿ, ಅದಕ್ಕೂ ಒಂದು ಫಲಕ ಮಾಡಿಕೊಡುತ್ತೇನೆ.

ಇಲ್ಲಿಯವರೆಗೆ ತಮ್ಮನ್ನು ದೂರಿದ್ದಾಯಿತು. ಇನ್ನು ನನ್ನ ತಪ್ಪನ್ನೂ ಹೇಳದಿದ್ದರೆ ಅಕ್ಕ ಈ ಪತ್ರವನ್ನು ಅಂಚೆಗೆ ಹಾಕಲು ಬಿಡುವುದಿಲ್ಲ. ಮೊನ್ನೆ ಭಾನುವಾರ ಮೂರನೇ ನಮೂನೆ ತುಂಬಲು ಕೂತೆವು. ಎರಡನೇ ಅರ್ಜಿದಾರರು ವ್ಯವಹಾರದಲ್ಲಿ ಪಾಲುದಾರರಾಗಿರುವುದಕ್ಕೆ ಆಧಾರ ಲಗತ್ತಿಸಿ ಎಂದು ಒಂದು ಸಾಲಿದೆ. ಎರಡು ಸಲವೂ ಅದನ್ನು ಖಾಲಿ ಬಿಟ್ಟಿದ್ದೆವು. “ಅದಕ್ಕೇನಂತೆ, ನಮ್ಮ ಅಂಗಡಿ ಬೋರ್ಡಿನ ಫೋಟೋ ಅಂಟಿಸೋಣ” ಎಂದು ನಾನು ಜಂಬದಿಂದ ಫೋನು ಹಿಡಿದು ರಸ್ತೆ ದಾಟಿ, ತಮ್ಮ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿದೆ. ಬೋರ್ಡಿನಲ್ಲಿ ನನ್ನ ಹೆಸರೊಂದೇ ಇತ್ತು. ಕೆಂಪು ಅಕ್ಷರ, ಹಳದಿ ಅಂಚು. ತುಂಬಿದವಳು ಅವಳೇ.

“ಏನೋ, ನೋಡ್ತಾ ನಿಂತ್‌ಬಿಟ್ಟೆ?” ಅಕ್ಕ ಹಿಂದೆಯೇ ಬಂದಿದ್ದಳು.

“ಅಕ್ಕಾ, ನಿನ್ನ ಹೆಸರೇ ಇಲ್ಲ.”

“ಈಗ ಕಾಣಿಸ್ತಾ?”

ಅಷ್ಟೇ ಅಂದಳು. ನನಗೆ ಬಹಳ ನಾಚಿಕೆಯಾಯಿತು. ಬೀದಿಗೆಲ್ಲ ಹೆಸರು ಬರೆದ ನನಗೆ ಇಪ್ಪತ್ತೆರಡು ವರ್ಷಗಳಲ್ಲಿ ಹೊಳೆಯದ ಪ್ರಶ್ನೆಯನ್ನು ತಮ್ಮ ಒಣ ನಮೂನೆ ಒಂದೇ ಸಾಲಿನಲ್ಲಿ ಕೇಳಿತ್ತು. ಆ ಸಾಲನ್ನು ಅಚ್ಚು ಹಾಕಿಸಿದ್ದಕ್ಕೆ ತಮಗೆ ಮನಸಾರೆ ವಂದನೆ, ಇದರಲ್ಲಿ ವ್ಯಂಗ್ಯವಿಲ್ಲ.

ಮಧ್ಯಾಹ್ನವೇ ಏಣಿ ಹೊರಗೆ ಬಂತು. ಹಳೆಯದನ್ನು ಬಿಳಿಯಲ್ಲಿ ಮುಚ್ಚಿ, ಅದು ಒಣಗಿದ ಮೇಲೆ ನಾನು ನೀಲಿ ಸೀಮೆಸುಣ್ಣ ಕೈಗೆತ್ತಿಕೊಂಡೆ. ಅಕ್ಕ ಅದನ್ನು ಕಿತ್ತುಕೊಂಡಳು. “ಈ ಸಲ ಗೆರೆ ನಾನು ಎಳೀತೀನಿ. ನೀನು ತುಂಬು.” ಎರಡೂ ಹೆಸರನ್ನು ಅವಳೇ ಬರೆದಳು, ತನ್ನದನ್ನು ಮೊದಲು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಕಲಿಯುವವನಂತೆ ಬಣ್ಣ ತುಂಬಿದೆ. ಅವಳ ಹೆಸರಿನ ಎರಡನೇ ಅಕ್ಷರದಲ್ಲಿ ನನ್ನ ಕುಂಚ ಗೆರೆ ದಾಟಿತು. ಒರೆಸಲು ಹೋದರೆ ತಡೆದಳು. “ಇರ್ಲಿ ಬಿಡು. ನೀನು ತುಂಬಿದ್ದು ಅಂತ ಗೊತ್ತಾಗ್ಲಿ.”

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ದಯವಿಟ್ಟು ತಮ್ಮ ಕೋಣೆಯ ಕಿಟಕಿ ಪರದೆ ಸರಿಸಿ ಒಮ್ಮೆ ರಸ್ತೆಯಾಚೆ ನೋಡಿ. ಲಗತ್ತಿಸಬೇಕಾದ ಆಧಾರವನ್ನು ಗೋಡೆಗೇ ಲಗತ್ತಿಸಿದ್ದೇವೆ. ಇಬ್ಬರಲ್ಲಿ ಒಬ್ಬರ ಸಹಿಯಿದ್ದರೂ ನಡೆಯುವಂಥ ಖಾತೆಯನ್ನು ಈ ಸಲ ತೆರೆದುಕೊಡಿ. ನಮೂನೆಯ ನಾಲ್ಕೂ ಚೌಕಗಳನ್ನು ಒಂದೇ ಅಳತೆಯಲ್ಲಿ ಹಾಕಿಸಿಕೊಟ್ಟರೆ ನನ್ನ ಸಹಿಯೂ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಅದಾಗದಿದ್ದರೂ ಚಿಂತೆಯಿಲ್ಲ. ಮೂರನೇ ಅರ್ಜಿಯಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದ್ದೇವೆ: ಮೊದಲನೇ ಅರ್ಜಿದಾರರ ಜಾಗದಲ್ಲಿ ಅಕ್ಕನಿದ್ದಾಳೆ. ಇನ್ನೊಮ್ಮೆ ಅವಳು ತಮ್ಮ ಕೌಂಟರಿಗೆ ಬಂದಾಗ, ನೀವು ಯಾರು ಎಂದು ಯಾರೂ ಕೇಳದಂತಾಗಲಿ.

ಇಂತಿ,
ತನ್ನ ಕೈಯಾರೆ ಬರೆದ ಫಲಕಕ್ಕೇ ಸಿಕ್ಕಿಬಿದ್ದ,
ಎರಡನೇ ಅರ್ಜಿದಾರ