ಅಗಲ್ ಗಾಡಿ

ಅಜ್ಜೀಪುರ
18-5-2025, ಭಾನುವಾರ

ಪ್ರೀತಿಯ ಮಾದೇಶಣ್ಣನಿಗೆ,

ಹೇಗಿದ್ದೀಯ? ತಿರುಪ್ಪೂರಿನ ಆ ಬಣ್ಣದ ಮಿಲ್ಲಿಗೆ ಸೇರಿದ ಮೇಲೆ ಕೆಮ್ಮು ಜಾಸ್ತಿಯಾಗಿದೆಯಂತೆ. ಬಿಸಿನೀರು ಕುಡಿ, ಮೊಂಡಾಟ ಬೇಡ. ಅವ್ವ ಚೆನ್ನಾಗಿದ್ದಾಳೆ, ನಿನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಜೀಪು ಅಂದ ಕೂಡಲೇ ಫೋನ್ ಇಟ್ಟುಬಿಡುತ್ತೀಯಲ್ಲ, ಅದಕ್ಕೇ ಈ ಕಾಗದ. ಪೂರ್ತಿ ಓದು.

ಹೋದ ಮಳೆಗಾಲದಲ್ಲಿ ಹಳ್ಳದ ಇಳಿಜಾರಿನಲ್ಲಿ ಜೀಪು ಜಾರಿ ದೊಡ್ಡಬಸಮ್ಮತ್ತೆಯ ಕೈ ಮುರಿಯಿತು. ಇನ್ನು ಸ್ಟೀರಿಂಗ್ ಮುಟ್ಟಲ್ಲ ಅಂತ ನೀನು ಹೊರಟುಹೋದೆ. ಅಂದಿನಿಂದ ಬೆಟ್ಟದ ಮೇಲಿನ ಊರಿನವರು ಆಸ್ಪತ್ರೆಗೂ ಸಂತೆಗೂ ನಡೆದೇ ಇಳಿಯುತ್ತಿದ್ದಾರೆ, ಅತ್ತೆಯೂ ಅಷ್ಟೇ. ಗಾಡಿಯೊಳಗೆ ನಮ್ಮ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ನೋಡಿ ನೋಡಿ ಹೊಟ್ಟೆ ಉರಿದುಹೋಯಿತು ಕಣಣ್ಣ. ಮಳೆ ಹಿಡಿಯುವ ಮೊದಲು ಇದು ಬೆಟ್ಟ ಹತ್ತಲೇಬೇಕು ಅಂತ ತೀರ್ಮಾನ ಮಾಡಿ, ಕೊಳ್ಳೇಗಾಲಕ್ಕೆ ನಾನೇ ಓಡಿಸಿಕೊಂಡು ಹೋದೆ. ಬೆರಗಾಗಿ ಬಾಯಿ ಬಿಡಬೇಡ, ರೇಷ್ಮೆಗೂಡಿನ ಟೆಂಪೋ ಓಡಿಸುವವಳಿಗೆ ಜೀಪೇನು ಮಹಾ?

ಟೈರ್ ಅಂಗಡಿಯವರು ಹೊಸಬರು, ಮಂಗಳೂರು ಕಡೆಯವರು. ಮೇಲೆ ಸಾಲಾಗಿ ದೊಡ್ಡ ಲೈಟು ಹಾಕಿಸಿ ಅಂತ ಗಂಟುಬಿದ್ದರು. ಕತ್ತಲಾದರೆ ಕಾಡಿನ ಗೇಟೇ ಮುಚ್ಚುತ್ತದೆ, ಲೈಟು ಯಾರಿಗೆ, ಆನೆಗಳಿಗಾ? "ಅವೆಲ್ಲ ಬ್ಯಾಡ ಸಾ, ನಮ್ದು ಅಗಲ್ ಗಾಡಿ" ಅಂದೆ. ಸರಿ ಸರಿ ಅಂತ ತಲೆಯಾಡಿಸಿದರು. ಊಟ ಮುಗಿಸಿ ಬರುವಷ್ಟರಲ್ಲಿ ಒರಳುಕಲ್ಲಿನಂಥ ಅಗಲ ಟೈರು ನಾಲ್ಕೂ ಹಾಕಿ ನಿಲ್ಲಿಸಿದ್ದಾರೆ! ನಾನು ಹೇಳಿದ್ದು ಹಗಲು, ಅವರಿಗೆ ಕೇಳಿಸಿದ್ದು ಅಗಲ. ನಮ್ಮ ಬಾಯಲ್ಲಿ ಹಕಾರ ಎಲ್ಲಿ ನಿಲ್ಲುತ್ತೆ ಹೇಳು. ನಗು ಬಂತು, ಆದರೆ ಬಿಡಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ನಮ್ಮ ದಾರಿಯ ಜಾಡು ಕಿರಿದು. ಅಗಲದ್ದು ಅದರೊಳಗೆ ಇಳಿಯದೆ ಅಂಚಿನ ಮೇಲೇ ಜಾರುತ್ತದೆ. "ನೋಡಾಕೆ ಚೆಂದಾಗಿರೋದು ಬ್ಯಾಡ, ಕೆಸರು ಕಚ್ಚೋದು ಕೊಡಿ" ಅಂತ ಸ್ಟೂಲ್ ಎಳೆದುಕೊಂಡು ಕೂತೆ. ಆಳ ಗೀರಿನ, ಉಬ್ಬು ಬಟನ್ನಿನ, ಕಡಿಮೆ ಅಗಲದ ಟೈರು ಹಾಕಿಸಿಕೊಂಡೇ ಎದ್ದೆ.

ಮುಂದೆ ಹಗ್ಗ ಕಟ್ಟಿ ಎಳೆಯಲು ಗಟ್ಟಿ ಕೊಕ್ಕೆ ವೆಲ್ಡಿಂಗ್ ಮಾಡಿಸಿದ್ದೇನೆ. ಹಿಂದೆ ತಗ್ಗಿನ ಮೆಟ್ಟಿಲು, ಹಿಡಿದು ಹತ್ತಲು ಕಬ್ಬಿಣದ ಪೈಪು. ಪೈಪು ಬಲಗಡೆಗೇ ಇರಲಿ ಅಂತ ಪಕ್ಕದಲ್ಲೇ ನಿಂತು ಹಾಕಿಸಿದೆ. ಭಯವಿಲ್ಲ ಅಂತಲ್ಲ, ಆ ಇಳಿಜಾರು ನೆನೆದರೆ ನನ್ನ ಅಂಗೈಯೂ ಬೆವರುತ್ತದೆ. ಬೆವರಿದರೆ ಸೀರೆಗೆ ಒರೆಸಿಕೊಳ್ಳುತ್ತೇನೆ, ಅಷ್ಟೇ.

ಅವ್ವ ನಿನ್ನ ತಲೆ ಸವರಿದ್ದಾಳೆ ಅಂದುಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಪದ್ಮಿನಿ

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ: ಪೈಪು ಬಲಗಡೆ ಇರುವುದು ದೊಡ್ಡಬಸಮ್ಮತ್ತೆಗಾಗಿ, ಅವಳ ಎಡಗೈ ಇನ್ನೂ ಮೇಲೇಳುವುದಿಲ್ಲ. ಮೊದಲ ಸೀಟು ಹೇಳಿಟ್ಟವಳೂ ಅವಳೇ. "ಅವತ್ತು ಮಾದೇಶ ಮರದ ಕಡೀಕೆ ತಿರುಗುಸ್ದೆ ಓಗಿದ್ರೆ ಎಲ್ರೂ ಕಮರಿಗೆ ಓಯ್ತಿದ್ವಿ. ನನ್ ಕೈ ಓದ್ರೆ ಓಯ್ತು, ಬಾ ಅನ್ನು ಅವುನ್ಗೆ" ಅಂದಳು. ನಾಳೆಯಲ್ಲ, ಮುಂದಿನ ಸೋಮವಾರ, 26ನೇ ತಾರೀಕು ಬೆಳಗ್ಗೆ ಜೀಪು ಹೊರಡುತ್ತದೆ. ನೀನು ಬಂದರೆ ನೀನು ಓಡಿಸು, ಬರದಿದ್ದರೆ ನಾನು. ನಿಲ್ಲುವುದಂತೂ ಇಲ್ಲ.