ಗೋಡೆಯಿಲ್ಲದ ಜಿಂಕೆ

ಮಾರ್ಚ್ 4, ಸೋಮವಾರ

ಹದ ಮಾಡುವವರಿಂದ ಜಿಂಕೆ ತೊಗಲಿನ ಇನ್ನೊಂದು ಪೆಟ್ಟಿಗೆ ಬಂತು. ಚೀಟಿ ತಾಳೆ ನೋಡಿ ಫ್ರೀಜರಿಗೆ ಹಾಕಿದೆ. ನವೆಂಬರಿನಲ್ಲಿ ಗಿರಾಕಿಗಳು ಹೊಡೆದ ಜಿಂಕೆಗಳಿಗೆ, ಗೋಡೆಗೆ ತೂಗುಹಾಕುವ ಮುನ್ನ, ಈಗ ಮುಖ ಬರುವ ಕಾಲ. ಹೊರಗೆ ಕೊಳಕು ಹಿಮ. ಉತ್ತರ ವಿಸ್ಕಾನ್ಸಿನ್‌ಗೆ ಮಾರ್ಚ್ ಎಂಬ ತಿಂಗಳು ಯಾಕೆ ಬೇಕಿತ್ತೋ.

ಸೊಂಟ ನೋವು. ಇಡೀ ದಿನ ಕೌಂಟರ್ ಹಿಂದೆ ನಿಂತು ಮಾತಾಡಿದ್ದೇ ಆಯಿತು. ಒರಿನ್ ಒಳಗೆ ಕೈಯಲ್ಲಿ ದುಡಿಯುತ್ತಾನೆ, ನಾನು ಹೊರಗೆ ಬಾಯಲ್ಲಿ. ಮದುವೆಯಾದಾಗ ಅವನು ಗ್ಯಾರೇಜಿನಲ್ಲಿ ಕೂತು ಸತ್ತ ಅಳಿಲಿನ ತೊಗಲಿಗೆ ಹತ್ತಿ ತುಂಬುತ್ತಿದ್ದ, ನಾನು ಮನೆಮನೆಗೆ ವ್ಯಾಕ್ಯೂಮ್ ಕ್ಲೀನರ್ ಮಾರುತ್ತಿದ್ದೆ. ಅಂಗಡಿ ಎದ್ದದ್ದು ಅರ್ಧ ಅವನ ಸೂಜಿಯಿಂದ, ಅರ್ಧ ನನ್ನ ನಾಲಿಗೆಯಿಂದ. ನನ್ನ ಅರ್ಧ ಸ್ವಲ್ಪ ದೊಡ್ಡದು, ಅಷ್ಟೆ.

ಇವತ್ತು ಒಬ್ಬ ತನ್ನ ಜಿಂಕೆ ಗೋಡೆಯಿಂದ ಬಲಕ್ಕೆ ನೋಡಬೇಕು ಎಂದ. ಎಡಕ್ಕೆ ಒಪ್ಪಿಸಿ ಕಳಿಸಿದೆ. "ಎಡಕ್ಕೆ ನೋಡಿದ್ರೆ ಕುತ್ತಿಗೆ ತುಂಬಿ ಕಾಣುತ್ತೆ, ಗತ್ತು ಬೇರೆ" ಎಂದೆ. ನಂಬಿದ. ಎಲ್ಲರೂ ನಂಬುತ್ತಾರೆ.

ಕಾರಣ ಇಲ್ಲಿ ಮಾತ್ರ ಬರೆಯಬಲ್ಲೆ. ಒರಿನ್‌ನ ಕೈ ನಡುಗುತ್ತದೆ. ಜಿಂಕೆಗೆ ಗಾಜಿನ ಬಲಗಣ್ಣು ಮೊದಲು ಕೂರಿಸುವುದು ಅವನ ಅಭ್ಯಾಸ — ಬೆಳಗ್ಗೆ, ಮಾತ್ರೆ ಕೆಲಸ ಮಾಡುತ್ತಿರುವಾಗ. ಎಡಗಣ್ಣಿಗೆ ಬರುವಷ್ಟರಲ್ಲಿ ಕೈ ಸೋತಿರುತ್ತದೆ. ತೊಗಲು ಒಣಗುತ್ತಿರುತ್ತದೆ, ನಾಳೆಗೆ ಬಿಡುವಂತಿಲ್ಲ. ರೆಪ್ಪೆ ಜಾರುತ್ತದೆ. ತಲೆ ಎಡಕ್ಕೆ ತಿರುಗಿದ್ದರೆ ಆ ಕಣ್ಣು ಗೋಡೆ ಕಡೆ ಹೋಗುತ್ತದೆ. ಗೋಡೆ ಯಾರಿಗೂ ಹೇಳುವುದಿಲ್ಲ.

ಮಾರ್ಚ್ 8, ಶುಕ್ರವಾರ

ಮೀನಿನ ಊಟಕ್ಕೆ ಬುಚ್‌ನ ಬಾರ್‌ಗೆ ಹೋದೆವು. ಶುಕ್ರವಾರ ಊರೆಲ್ಲ ಅಲ್ಲೇ. ಕರಿದ ಮೀನು, ಆಲೂಗಡ್ಡೆ ದೋಸೆ, ಎಲೆಕೋಸು. ಒರಿನ್ ಸೂಪು ಬೇಡ ಎಂದ. ಚಮಚದ ಊಟ ಈಗೀಗ ಹೊರಗೆ ಮಾಡುವುದಿಲ್ಲ.

ಬುಚ್ ಗ್ಲಾಸು ಒರೆಸುತ್ತ ಗೋಡೆ ತೋರಿಸಿದ. ನಮ್ಮ ಅಂಗಡಿಯ ತಲೆಗಳೇ ಸಾಲಾಗಿ ಇವೆ.

"ಏನೋ ಒರಿನ್, ನಿನ್ನ ಹೊಸ ಜಿಂಕೆಗಳೆಲ್ಲ ಒಂದೇ ಕಡೆ ನೋಡ್ತವಲ್ಲೋ. ಅಲ್ಲೇನು ಹೆಣ್ಣು ಜಿಂಕೆ ಸ್ನಾನ ಮಾಡ್ತಿದೆಯಾ?"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ. "ನಿನ್ನ ಬಿಲ್ ನೋಡೋಕೆ ಆಗದೆ ಮುಖ ತಿರುಗಿಸಿವೆ ಕಣೋ" ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಒರಿನ್ ನಗಲಿಲ್ಲ. ಮೀನಿನ ಮುಳ್ಳು ತೆಗೆಯುತ್ತಿದ್ದ. ಬಹಳ ಹೊತ್ತು ತೆಗೆದ.

ಮಾರ್ಚ್ 19

ಗೇಲ್ ಜಾಸ್ಟ್ರೋ ಬಂದಿದ್ದಳು. ಹಾಲಿನ ಟ್ಯಾಂಕರ್ ಓಡಿಸುವವಳು. ಅಂಗಡಿ ಮುಂದೆ ನಿಲ್ಲಿಸಿದರೆ ರಸ್ತೆ ಕಾಣುವುದಿಲ್ಲ. ನವೆಂಬರಿನಲ್ಲಿ ಹತ್ತು ಕವಲಿನ ಕೊಂಬಿರುವ ಗಂಡು ಜಿಂಕೆ ಹೊಡೆದಿದ್ದಾಳೆ. ಇಷ್ಟು ವರ್ಷದ ಬೇಟೆಯಲ್ಲಿ ಇವಳಿಗೆ ಸಿಕ್ಕ ಮೊದಲ ದೊಡ್ಡದು. ಅದರ ತೊಗಲೂ ಮೊನ್ನೆಯ ಪೆಟ್ಟಿಗೆಯಲ್ಲೇ ಬಂದಿದೆ.

"ಗೋಡೆಗಲ್ಲ ಲವಾನ್. ನಂಗೆ ಸ್ಟ್ಯಾಂಡ್ ಬೇಕು. ನೆಲದ ಮೇಲೆ ನಿಲ್ಲೋದು."

"ಸ್ಟ್ಯಾಂಡಾ? ಅಯ್ಯೋ, ಕಸ ಗುಡಿಸೋವಾಗ ಕಾಲಿಗೆ ಸಿಗುತ್ತೆ ಕಣೇ. ಗೋಡೆಗೆ ಹಾಕ್ಸು, ಎಡಕ್ಕೆ ತಿರುಗಿಸಿ…"

"ಗೋಡೆ ಎಲ್ಲಿದೆ? ನನ್ನ ಗಂಡ ಕಟ್ಟಿದ ಮನೆ ನೋಡಿದೀಯಲ್ಲ. ಕೆರೆ ಕಾಣ್ಲಿ ಅಂತ ಸುತ್ತ ಗಾಜು. ಕ್ಯಾಲೆಂಡರ್ ನೇತುಹಾಕೋಕೂ ಜಾಗ ಇಟ್ಟಿಲ್ಲ ಆ ಮನುಷ್ಯ."

"ಮೂಲೆ ಇಲ್ವಾ?"

"ನಟ್ಟನಡುವೆ ನಿಲ್ಲಿಸ್ತೀನಿ. ಒಳಗಿಂದ್ಲೂ ಕಾಣ್ಬೇಕು, ದೋಣಿಯಲ್ಲಿ ಹೋಗೋರಿಗೂ ಕಾಣ್ಬೇಕು."

ಪಕ್ಕದ ಊರಿನ ಅಂಗಡಿಯವರು ಸ್ಟ್ಯಾಂಡಿನ ಕೆಲಸ ಚೆನ್ನಾಗಿ ಮಾಡುತ್ತಾರೆ ಎನ್ನಲು ಬಾಯಿ ತೆರೆದಿದ್ದೆ. ಜೀವಮಾನದಲ್ಲಿ ಇನ್ನೊಬ್ಬರ ಅಂಗಡಿಗೆ ಗಿರಾಕಿ ಕಳಿಸಿದವಳಲ್ಲ. ಅಷ್ಟರಲ್ಲಿ ಪರದೆ ಸರಿಸಿ ಒರಿನ್ ಹೊರಗೆ ಬಂದ. ಗಿರಾಕಿ ಇರುವಾಗ ಬರುವವನೇ ಅಲ್ಲ. ಕೈ ಎರಡೂ ಏಪ್ರನ್ ಜೇಬಿನಲ್ಲಿ.

"ತೊಗಲು ಎಲ್ಲಿವರೆಗೆ ಬಿಡಿಸಿದೀಯ?"

"ಹೊಟ್ಟೆವರೆಗೂ. ಸ್ಟ್ಯಾಂಡಿಗೆ ಉದ್ದ ಬೇಕು ಅಂತ ಗೊತ್ತಿತ್ತು."

"ಮಾಡ್ತೀನಿ" ಎಂದು ಒಳಗೆ ಹೋದ.

ಮಾರ್ಚ್ 20

ಬೆಳಗ್ಗೆ ಕಾಫಿ ಹೊತ್ತಿಗೆ ಕೇಳಿದೆ. ಯಾಕೆ ಒಪ್ಪಿಕೊಂಡೆ?

"ಸ್ಟ್ಯಾಂಡ್ ಮಾಡಿ ತುಂಬಾ ದಿನ ಆಯ್ತು."

ಅಷ್ಟೇ. ಆ ದನಿ ಗೊತ್ತು ನನಗೆ. ಇದು ಚೆನ್ನಾಗಿ ಬಂದರೆ ಮುಂದುವರಿಯುತ್ತಾನೆ. ಕೆಟ್ಟರೆ ಇನ್ನೊಂದು ಜಿಂಕೆಯನ್ನು ಮುಟ್ಟುವುದಿಲ್ಲ. ಒಳಗೆ ಕೆಲಸವಿಲ್ಲದ ಒರಿನ್ ಹೇಗಿರುತ್ತಾನೆ — ಯೋಚಿಸಿ ನೋಡಿದೆ. ಅಡುಗೆಮನೆಯ ಕುರ್ಚಿಯಲ್ಲಿ, ಕೈಯ ಮೇಲೆ ಕೈ ಒತ್ತಿಕೊಂಡು, ಕಿಟಕಿ ನೋಡುತ್ತ. ಅಲ್ಲಿಗೇ ಯೋಚನೆ ನಿಲ್ಲಿಸಿದೆ.

ಏಪ್ರಿಲ್ 2

ಸ್ಟ್ಯಾಂಡಿನ ಕ್ಯಾಟಲಾಗ್ ಹಿಡಿದು ಕೂತಿದ್ದೇನೆ. ಮದುವೆಗೆ ವರ ಹುಡುಕಿದ ಹಾಗೆ.

ಒಂದೇ ಕಂಬದ್ದು, ಆಕ್ರೋಟ್ ಮರ. ಅಂದವಿದೆ, ಆದರೆ ಬೆತ್ತಲೆ. ಏನನ್ನೂ ಮುಚ್ಚುವುದಿಲ್ಲ.

ನಾಲ್ಕು ಕಾಲಿನದು. ಮಗುವಿನ ತೊಟ್ಟಿಲಿನಂತಿದೆ.

ಪಾದ ಚಿಕ್ಕದಾದದ್ದು ಬೇಡವೇ ಬೇಡ. ಕೊಂಬು ಮುಂದಕ್ಕೆ ಎಳೆಯುತ್ತದೆ, ಗೇಲ್‌ನ ನಾಯಿ ಒಂದು ಸಲ ಮೈ ಉಜ್ಜಿದರೆ ಜಿಂಕೆ ಎರಡನೇ ಸಲ ಸಾಯುತ್ತದೆ.

ಕೊನೆಯ ಪುಟದಲ್ಲಿ ಸಿಕ್ಕಿತು. ಭೂರ್ಜ ಮರದ ಮೋಟು, ಅದರಿಂದ ಎದ್ದ ಒಣ ಜೊಂಡು, ಒಂದು ಬಾಗಿದ ಕೊಂಬೆ. ಜೊಂಡು ಎಡಭುಜದ ಪಕ್ಕದಲ್ಲಿ ಏಳುತ್ತದೆ, ಕೊಂಬೆಯ ತುದಿ ಕೆನ್ನೆಯವರೆಗೆ ಬರುತ್ತದೆ. ಎಲೆ ಅಂಟಿಸಿದರೆ ಕಣ್ಣಿನವರೆಗೆ. ಕಾಡಿನ ಮೂಲೆಯಿಂದ ಇಣುಕಿದ ಹಾಗೆ. ಯಾರಾದರೂ ಕೇಳಿದರೆ ಕಲೆ ಎನ್ನಬಹುದು.

ಇದು ಗೋಡೆಯೇ. ಎಲೆ ಬಿಟ್ಟ ಗೋಡೆ.

ಏಪ್ರಿಲ್ 3

ಗೇಲ್‌ಗೆ ಫೋನ್ ಮಾಡಿದೆ. ಜೊಂಡಿನ ಬಗ್ಗೆ ಕಾಲು ಗಂಟೆ ಮಾತಾಡಿದೆ. ಬೆಳಗಿನ ಮಂಜು, ಕೆರೆಯ ದಂಡೆ, ಜಿಂಕೆ ಮೊದಲು ತಲೆ ಎತ್ತಿದ ಗಳಿಗೆ… ನನಗೇ ಕಣ್ಣು ತೇವವಾಯಿತು.

"ಲವಾನ್, ನಾನು ಅದನ್ನ ಹೊಡೆದದ್ದು ಜೋಳದ ಹೊಲದಲ್ಲಿ."

"ಜೋಳ ಒಣಗಿದ್ರೆ ಹೀಗೇ ಕಾಣುತ್ತೆ ಕಣೇ."

ನಕ್ಕಳು. "ಸರಿ ಮಾರಾಯ್ತಿ, ನಿನ್ನಿಷ್ಟ. ನೀನು ಮಾತು ನಿಲ್ಸಿದ್ರೆ ಸಾಕು."

ಆರ್ಡರ್ ಕಳಿಸಿದೆ. ಒರಿನ್‌ಗೆ ಹೇಳಲಿಲ್ಲ. ಸ್ಟ್ಯಾಂಡ್ ಆರಿಸುವುದು ಯಾವತ್ತೂ ನನ್ನ ಕೆಲಸವೇ. ಹೇಳಬೇಕಾದ್ದು ಏನಿದೆ.

ಮೇ 16

ಬರೆಯದೆ ಎಷ್ಟು ದಿನವಾಯಿತು. ಸುಸ್ತು. ಡಾಕ್ಟರು ಒರಿನ್‌ನ ಮಾತ್ರೆ ಬದಲಿಸಿದ್ದಾರೆ. ಹೊಸದು ಕೈಯನ್ನು ಸ್ವಲ್ಪ ಹಿಡಿಯುತ್ತದೆ, ಮನುಷ್ಯನನ್ನು ಪೂರ್ತಿ ಮಲಗಿಸುತ್ತದೆ. ಮಧ್ಯಾಹ್ನ ಅವನು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾನೆ. ಬಾಗಿಲಲ್ಲಿ ಗಂಟೆ ಬಾರಿಸಿದರೆ ಎದ್ದು, ಮಲಗೇ ಇರಲಿಲ್ಲ ಎನ್ನುವ ಹಾಗೆ ಬ್ರಷ್ ಹಿಡಿಯುತ್ತಾನೆ.

ಮಿಕ್ಕ ಜಿಂಕೆಗಳೆಲ್ಲ ಎಡಕ್ಕೆ ನೋಡುತ್ತ ಮನೆ ಸೇರುತ್ತಿವೆ. ಗೇಲ್‌ನದನ್ನು ಅವನು ಮುಂದಕ್ಕೆ ಹಾಕುತ್ತಲೇ ಇದ್ದಾನೆ.

ಜೂನ್ 6

ಸ್ಟ್ಯಾಂಡ್ ಬಂತು. ಪೆಟ್ಟಿಗೆ ನೋಡಿದ ಕೂಡಲೇ ಏನೋ ಸರಿಯಿಲ್ಲ ಅನಿಸಿತು. ಜೊಂಡಿರುವ ಪೆಟ್ಟಿಗೆ ಇಷ್ಟು ಕಿರಿದಾಗಿರುವುದಿಲ್ಲ.

ಬಿಚ್ಚಿದೆ. ಆಕ್ರೋಟ್ ಕಂಬ. ಅಗಲವಾದ, ಭಾರದ ಪಾದ. ಕಂಬದ ತಲೆಯಲ್ಲಿ ಬಿಲ್ಲೆ. ಬೆರಳಿಂದ ನೂಕಿದೆ… ಸದ್ದಿಲ್ಲದೆ ಪೂರ್ತಿ ಒಂದು ಸುತ್ತು ಬಂತು.

ಬೇರೆಯವರ ಸಾಮಾನು ಕಳಿಸಿದ್ದಾರೆ ಎಂದು ಫೋನ್ ಎತ್ತಿಕೊಂಡೆ.

"ಇಡು ಅದನ್ನ" ಎಂದ ಒರಿನ್, ಪರದೆ ಹತ್ತಿರದಿಂದ. "ಆರ್ಡರ್ ಚೀಟಿ ನೋಡಿ ನಾನೇ ಬದಲಾಯಿಸಿದ್ದು. ಗೇಲ್‌ನ ಕೇಳೇ ಬದಲಾಯಿಸಿದೆ."

"ನೀನು? ಫೋನಲ್ಲಿ ಮಾತಾಡಿದ್ಯಾ?"

"ಗೇಲ್‌ಗೂ, ಸ್ಟ್ಯಾಂಡಿನವರಿಗೂ. ಸತ್ತೇ ಹೋಗ್ತೀನಿ ಅನ್ನಿಸ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಜೊಂಡು ಚೆನ್ನಾಗಿರ್ತಿತ್ತು" ಎಂದೆ.

"ಲವಾನ್. ನನಗೆ ಕೈ ನಡುಗುತ್ತೆ, ಆದ್ರೆ ಕಣ್ಣು ಕಾಣುತ್ತೆ." ಕುರ್ಚಿ ಎಳೆದು ಕೂತ. "ಎರಡು ವರ್ಷದಿಂದ ನೀನು ಬಲಕ್ಕೆ ನೋಡೋ ಜಿಂಕೆ ಒಂದನ್ನೂ ಮಾರಿಲ್ಲ. ಬುಚ್‌ಗೆ ಗೊತ್ತಾಗೋ ಮೊದ್ಲೇ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ಸುಮ್ನಿರೋದು ಸುಲಭ ಇತ್ತು. ಒಂದನ್ನಾದ್ರೂ ಸುತ್ತಲೂ ಕಾಣೋ ಹಾಗೆ ಮಾಡಿ ನೋಡ್ಬೇಕು. ಆಗುತ್ತೋ ಇಲ್ವೋ ಗೊತ್ತಾಗ್ಲಿ. ಗೋಡೆ ಮರೆಯಲ್ಲಿ ಎಷ್ಟು ದಿನ ಬದುಕ್ಲಿ?"

ಬಿಲ್ಲೆಯನ್ನು ಇನ್ನೊಮ್ಮೆ ತಿರುಗಿಸಿದೆ. ಒಳ್ಳೆಯ ಮಾಲು. ಅದನ್ನಂತೂ ಒಪ್ಪಲೇಬೇಕು.

ಜೂನ್ 18

ಇವತ್ತು ಕಣ್ಣು ಕೂರಿಸಿದ. ಅಂಗಡಿಗೆ ಬೀಗ ಹಾಕಿಸಿದ.

"ಇಲ್ಲೇ ಕೂತ್ಕೋ. ಮಾತಾಡ್ಬೇಡ."

ಕೂತೆ. ಈ ಬಾರಿ ಎಡಗಣ್ಣಿನಿಂದ ಶುರು ಮಾಡಿದ. ಫೋಮ್ ಅಚ್ಚಿನ ಮೇಲೆ ಜೇಡಿಮಣ್ಣು, ಅದರಲ್ಲಿ ಗಾಜಿನ ಕಣ್ಣು, ಮೇಲಿಂದ ತೊಗಲು. ರೆಪ್ಪೆಯನ್ನು ಒಳಗೆ ಮಡಿಸಿ ಸಣ್ಣ ಕಡ್ಡಿಯಿಂದ ಒತ್ತಿದ. ಉಸಿರು ಬಿಟ್ಟಾಗ ನಡುಕ ಕಡಿಮೆ, ಎಳೆದುಕೊಂಡಾಗ ಜಾಸ್ತಿ. ಬಿಡುವಾಗ ಮಾತ್ರ ಒತ್ತುತ್ತಿದ್ದ. ನಾನೂ ಅವನ ಜೊತೆಗೇ ಉಸಿರಾಡುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ಎಡಗಣ್ಣು ಅದ್ಭುತವಾಗಿ ಬಂತು. ಹಳೆಯ ಒರಿನ್. ಈಗ ತಾನೇ ಕೊಂಬೆ ಮುರಿದ ಸದ್ದು ಕೇಳಿದ ಕಣ್ಣು.

ಬಲಗಣ್ಣಿಗೆ ಬರುವಷ್ಟರಲ್ಲಿ ಕೈ ಸೋತಿತ್ತು. ಮೂರು ಸಲ ಬಿಚ್ಚಿ ಕೂರಿಸಿದ. ತೊಗಲು ಬಿಗಿಯತೊಡಗಿತು. ನಾಲ್ಕನೆಯದನ್ನು ಹಾಗೇ ಬಿಟ್ಟ. ಮೇಲಿನ ರೆಪ್ಪೆ ಒಂದು ಕೂದಲಿನಷ್ಟು ಇಳಿದಿದೆ. ಬೇಸರಗೊಂಡ ಹಾಗೆ.

ಇಷ್ಟು ದಿನ ಗೋಡೆ ಕಡೆ ಇದ್ದ ತಪ್ಪು ಸುತ್ತು ಹಾಕಿ ಈಚೆ ಬಂತು.

ಅವನು ಉಪಕರಣಗಳನ್ನು ತೊಳೆದ. ನಾನು ಒರೆಸಿ ಇಟ್ಟೆ. ನನಗೆ ಇದು ಹೊಸದು.

ಜುಲೈ 22

ಒಣಗಿದೆ. ಮೂಗಿಗೆ, ಕಣ್ಣಂಚಿಗೆ ಬಣ್ಣ ಹಾಕಿದ. ಬಣ್ಣದಿಂದ ರೆಪ್ಪೆಯನ್ನು ಸ್ವಲ್ಪ ಎತ್ತಿ ತೋರಿಸಬಹುದಿತ್ತು. ಕಪ್ಪು ಗೆರೆ ಒಂದಿಷ್ಟು ಮೇಲೆ ಎಳೆದರೆ ಸಾಕು. ಮಾತು ನಾಲಿಗೆ ತುದಿಗೆ ಬಂತು. ಅವನೇ ಎಂದ: "ಬೇಡ."

ಆಗಸ್ಟ್ 9, ಶುಕ್ರವಾರ

ಗೇಲ್ ಬಂದಳು. ಒರಿನ್ ಹೊರಗೇ ನಿಂತಿದ್ದ, ಕೈ ಜೇಬಿನಲ್ಲಿರಲಿಲ್ಲ.

ಎಡಗಡೆಯಿಂದ ಶುರು ಮಾಡಿದಳು. "ಅಯ್ಯೋ ದೇವರೇ. ಇದೇ. ಇದೇ ಅದು." ಆಮೇಲೆ ನಿಧಾನವಾಗಿ ತಿರುಗಿಸಿದಳು. ಎದೆ, ಮೂಗು, ಬಲಗಡೆ. ಕೈ ನಿಂತಿತು. ಬಗ್ಗಿದಳು.

ನನ್ನ ಬಳಿ ಮಾತು ತಯಾರಿತ್ತು. ಬೆಳಕು ಆ ಕಡೆಯಿಂದ ಬೀಳುತ್ತೆ, ಗಂಡು ಜಿಂಕೆಗೆ ವಯಸ್ಸಾದ್ರೆ ಹೀಗೇ… ಒರಿನ್ ನನ್ನ ಕಡೆ ನೋಡಿದ. ನುಂಗಿದೆ.

"ಈ ಕಣ್ಣು ಸ್ವಲ್ಪ ಇಳಿದಿದೆಯಲ್ಲ ಒರಿನ್."

"ಹೌದು."

"ಸರಿ ಮಾಡೋಕಾಗುತ್ತಾ?"

"ಯಾರಿಗಾದ್ರೂ ಆಗುತ್ತೆ. ನನಗೆ ಆಗಲ್ಲ. ಇದಕ್ಕಿಂತ ಚೆನ್ನಾಗಿ ಇನ್ನು ನನ್ನ ಕೈಯಲ್ಲಿ ಬರಲ್ಲ, ಗೇಲ್." ಎರಡೂ ಕೈ ಎತ್ತಿ ಅವಳಿಗೆ ತೋರಿಸಿದ. ಅಂಗಡಿಯಲ್ಲಿ ಯಾರಿಗೂ ತೋರಿಸದವನು.

ಗೇಲ್ ಆ ಕೈಗಳನ್ನು ನೋಡಿದಳು. ಅನುಕಂಪದ ಮಾತು ಆಡಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ. ಜಿಂಕೆಯನ್ನು ಮತ್ತೆ ಒಂದು ಸುತ್ತು ತಿರುಗಿಸಿದಳು.

"ನನಗೆ ಬೇಕಾದ ಕಡೆ ತಿರುಗಿಸ್ಕೋತೀನಿ. ಅದಕ್ಕೇ ಅಲ್ವಾ ತಿರುಗೋದು. ಬಾ, ಎತ್ತು ಆ ಕಡೆ."

ಮೂವರೂ ಹಿಡಿದು ಅವಳ ಪಿಕಪ್ ಗಾಡಿಗೆ ಏರಿಸಿದೆವು. ಕಂಬಳಿ ಸುತ್ತಿದೆವು. ಕೊಂಬಿಗೆ ಕೆಂಪು ಬಟ್ಟೆ ಕಟ್ಟಿದೆ.

ಹೋದ ಮೇಲೆ ಒರಿನ್ ಕೇಳಿದ: "ಫ್ರೀಜರಲ್ಲಿ ತೊಗಲು ಇನ್ನೂ ಎಷ್ಟಿದೆ?"

"ಸ್ವಲ್ಪ ಇದೆ."

"ಪಕ್ಕದ ಊರಿನ ಅಂಗಡಿಗೆ ಕಳಿಸೋಣ."

ಗೋಡೆಯದ್ದಾದರೂ ಮಾಡಬಹುದು ಎಂದು ಹೇಳಲಿಲ್ಲ. ಹೇಳಿದ್ದರೆ ಒಪ್ಪುತ್ತಿದ್ದನೇನೋ. ಅದಕ್ಕೇ ಹೇಳಲಿಲ್ಲ.

ಆಗಸ್ಟ್ 12, ಬೆಳಗ್ಗೆ

ಗಿರಾಕಿಗಳಿಗೆ ತಿಳಿಸಬೇಕು. ರಿಸೀವರ್ ಹಿಡಿದು ಕೂತೆ. ಊರಿಗೆಲ್ಲ ಮಾತು ಮಾರಿದವಳಿಗೆ ಮೊದಲ ವಾಕ್ಯ ಬರಲಿಲ್ಲ. ನಂಬರ್ ಒತ್ತುವುದು, ಇಡುವುದು. ಒರಿನ್ ಬಂದು ಕೈ ಚಾಚಿದ.

"ಕೊಡು ಇಲ್ಲಿ."

ಕೊಟ್ಟೆ. ರಿಸೀವರ್ ಕಿವಿಗೆ ತಾಗಿ ಟಕಟಕ ಎನ್ನುತ್ತಿತ್ತು. ಗಂಟಲು ಸರಿಮಾಡಿಕೊಂಡ. "ನಾನು ಒರಿನ್ ಪ್ರಿಟ್ಜಲ್. ಹೌದು, ನಾನೇ… ನಿಮ್ಮ ಜಿಂಕೆ ವಿಷಯ. ನನ್ನ ಕೈ ಈಗ…"

ಎದ್ದು ಅಡುಗೆಮನೆಗೆ ಬಂದೆ. ಕಾಫಿಗೆ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಮಾತು ಕೇಳಿಸುತ್ತಿದೆ. ನಿಧಾನ, ಆದರೆ ನಿಲ್ಲುತ್ತಿಲ್ಲ. ಒಂದು ಸಲ ನಕ್ಕ ಕೂಡ.

ಕರೆಯುತ್ತಿದ್ದಾನೆ. ಮುಂದಿನ ನಂಬರ್ ಬೇಕಂತೆ, ನಾನು ಹೋಗಿ ಓದಿ ಹೇಳಬೇಕು.