ಬೂಟಾಟಿಕೆ

ಫೆಬ್ರವರಿ ೩, ಸೋಮವಾರ. ಸಂಜೆ ೫.೪೦

ತಪ್ಪೊಪ್ಪಿಗೆ. ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಎಡ ದವಡೆ ಮರಗಟ್ಟಿರುವ ಸ್ಥಿತಿಯಲ್ಲಿ ಬರೆದದ್ದು. ಈ ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ, ಹಲ್ಲಿನ ಡಾಕ್ಟರ ವರಾಂಡದಲ್ಲಿ, ಮಕ್ಕಳ ಆಟದ ಸಾಮಾನಿನ ಬುಟ್ಟಿಯಿಂದ, ಒಂದೂವರೆ ಇಂಚಿನ ಕಂದು ರಬ್ಬರ್ ಬೂಟೊಂದನ್ನು ಕದ್ದೆ. ಒಂದೇ. ಜೊತೆಯಲ್ಲ. ಸಾಕ್ಷಿಗಳು: ಗಾಜಿನ ತೊಟ್ಟಿಯ ಎರಡು ಮೀನು.

ಬೂಟು, ಅದೂ ಆಟಿಕೆಯದು. ಬೂಟಾಟಿಕೆ ಎಂಬ ಪದ ಹುಟ್ಟಿದ್ದೇ ನನಗಾಗಿ ಇರಬೇಕು.

ನಾನು ಕಳ್ಳನಲ್ಲ, ಸಂಗ್ರಾಹಕ. ಕಳ್ಳ ಕದ್ದದ್ದನ್ನು ಬಚ್ಚಿಡುತ್ತಾನೆ. ಸಂಗ್ರಾಹಕ ಅದಕ್ಕೆ ಚೀಟಿ ಅಂಟಿಸಿ ಬಂದವರಿಗೆಲ್ಲ ತೋರಿಸುತ್ತಾನೆ. ಹನ್ನೆರಡು ಇಂಚಿನ ಹಳೆಯ ಸಿಪಾಯಿ ಗೊಂಬೆಗಳು. ಬಟ್ಟೆಯ ಸಮವಸ್ತ್ರ, ಮಡಚುವ ಮೊಣಕಾಲು, ತೊಡಿಸಿ ಬಿಚ್ಚುವ ಹೆಲ್ಮೆಟ್ಟು, ಬೆಲ್ಟು, ನೀರಿನ ಬಾಟಲಿ. ಅರವತ್ತಮೂರು ಮಂದಿ ನನ್ನ ಓದುವ ಕೋಣೆಯಲ್ಲಿ ಕಾವಲು ನಿಂತಿದ್ದಾರೆ. ಏನನ್ನು ಕಾಯುತ್ತಿದ್ದಾರೆ ಎಂದು ಹೆಂಡತಿ ಆಗಾಗ ಕೇಳುತ್ತಾಳೆ.

ಮೊದಲನೆಯವನ ಹೆಸರು ಒಂಟಿಬೂಟು. ಅಣ್ಣನಿಗೂ ನನಗೂ ಸೇರಿ ಅಪ್ಪ ತಂದುಕೊಟ್ಟವನು. ಬಲಗಾಲಿಗೆ ಬೂಟು, ಎಡಗಾಲು ಬರಿದು. ನಲವತ್ತೆರಡು ವರ್ಷದಿಂದ ಹೀಗೆ. ಇವತ್ತು ಆ ಬುಟ್ಟಿಯಲ್ಲಿ ಅದೇ ಕಂದು, ಅದೇ ಲೇಸಿನ ಗೀರು... ಕೈ ತಾನಾಗಿ ಹೋಯಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನ ಕೈ.

ಫೆಬ್ರವರಿ ೪, ಮಂಗಳವಾರ. ಬೆಳಿಗ್ಗೆ ೬.೫೦

ಕಾಫಿಗೆ ಮುಂಚೆ ನಾಲ್ಕು ಸಲ ಬೂಟು ನೋಡಿದೆ. ಒಳಗೆ, ಭೂತಗನ್ನಡಿಗೆ ಮಾತ್ರ ಕಾಣುವಂತೆ, ಅಚ್ಚೊತ್ತಿದ ಒಂದು ಅಕ್ಷರ: R. ನನ್ನ ಯಾವ ಕೈಪಿಡಿಯಲ್ಲೂ ಇಲ್ಲ. ರಿಸರ್ವ್ ಪಡೆಯ ಮಾದರಿಯೇ ಇರಬೇಕು! ಮೂರು ಪುಟ ಟಿಪ್ಪಣಿ ಬರೆದೆ.

ಒಂಟಿಬೂಟಿನ ಬಲಗಾಲ ಬೂಟಿನೊಳಗೂ ಏನಾದರೂ ಅಕ್ಷರ ಇದೆಯೋ? ಬಿಚ್ಚಿ ನೋಡುವಂತಿಲ್ಲ. ಹಳೆಯ ರಬ್ಬರು ಕಾಲನ್ನು ಕಚ್ಚಿ ಹಿಡಿದಿರುತ್ತದೆ, ಎಳೆದರೆ ಹಿಮ್ಮಡಿಯಲ್ಲಿ ಸೀಳುತ್ತದೆ. ಈ ಹವ್ಯಾಸದ ಮೊದಲ ಪಾಠ.

"ಏನ್ರೀ ಅದು, ಬೆಳಿಗ್ಗೆ ಬೆಳಿಗ್ಗೆ ಬೂಟಿನೊಳಗೆ ಮೂಗು?"

"ಅಪರೂಪದ ಮಾದರಿ ಕಣೇ."

"ಎಲ್ಲಿ ಸಿಕ್ತು?"

"ಹಲ್ಲಿನ ಡಾಕ್ಟರ ಹತ್ರ."

"ಹಲ್ಲು ಕೀಳಿಸ್ಕೊಂಡು ಬನ್ನಿ ಅಂತ ಕಳಿಸಿದ್ರೆ ಬೂಟು ಕಿತ್ಕೊಂಡು ಬಂದ್ರಾ?"

ದವಡೆ ನೋವೆಂದು ಸನ್ನೆ ಮಾಡಿ ತಪ್ಪಿಸಿಕೊಂಡೆ.

ಫೆಬ್ರವರಿ ೯, ಭಾನುವಾರ. ಮಧ್ಯಾಹ್ನ ೧.೩೦

ಗಡಿಯಾರ ರಿಪೇರಿಯವರ ಅಂಗಡಿಯಲ್ಲಿ ನಮ್ಮ ಸಂಗ್ರಾಹಕರ ಬಳಗ ಸೇರಿತ್ತು. ಇಪ್ಪತ್ತಮೂರಕ್ಕೆ ಲೈಬ್ರರಿ ಹಾಲ್‌ನಲ್ಲಿ ಪ್ರದರ್ಶನ. ಅಸಲಿ–ನಕಲಿ ಗುರುತಿಸುವುದು ಹೇಗೆಂದು ನನ್ನ ಮಾತು. ತಾಲೀಮಿಗೆಂದು ಅವರು ನನ್ನ ಕಣ್ಣಿಗೆ ಕರ್ಚೀಫು ಕಟ್ಟಿ ಒಂದೊಂದೇ ವಸ್ತು ಕೈಗಿಟ್ಟರು.

"ಹೆಲ್ಮೆಟ್ಟು ಮೊದಲ ವರ್ಷದ್ದು, ಅಂಚು ಮಡಿಸಿಲ್ಲ. ಬೆಲ್ಟು ಮೂರನೇ ವರ್ಷದ್ದು, ಕೊಂಡಿ ತವರ. ಬಾಟಲಿ ನಕಲಿ, ಮುಚ್ಚಳ ಟೊಳ್ಳು."

"ಮೇಷ್ಟ್ರೇ, ನೀವು ಸಾಕ್ಷಾತ್ ಕಾಲಜ್ಞಾನಿಗಳು!"

ಉಬ್ಬಿದೆ. ಉಬ್ಬಿದವನು ಸುಮ್ಮನಿರಬೇಕಿತ್ತು. "ಇನ್ನೊಂದು ಕೇಳಿ. ನಲವತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ಗುಂಡಿ ಕೂಡ ಹಾಳಾಗಿಲ್ಲ."

"ಹಾಗಾದ್ರೆ ಆ ಒಂಟಿಬೂಟಿನ ಕತೆ?"

"ಅದು ನಮ್ಮಣ್ಣನ ಕೆಲಸ."

ಬಾಯಿಗೆ ತಾನಾಗಿ ಬಂತು. ಅಷ್ಟು ವರ್ಷದ ರೂಢಿ.

ಫೆಬ್ರವರಿ ೧೨, ಬುಧವಾರ. ರಾತ್ರಿ ೮

ಅಣ್ಣನ ಫೋನು. "ಪುಟ್ಟಾ, ನಿನ್ ಪ್ರದರ್ಶನದ ಸುದ್ದಿ ಪೇಪರ್‌ನಲ್ಲಿ ನೋಡ್ದೆ ಕಣೋ. ಬರ್ತೀನಿ. ನಿಂಗೊಂದು ಸಾಮಾನು ತರ್ತೀನಿ. ಏನು ಅಂತ ಕೇಳ್ಬೇಡ."

ಅವನು ಈ ಮನೆಗೆ ಬಂದು ಎಂಟು ವರ್ಷವಾಯಿತು. ಬಂದರೂ ನನ್ನ ಓದುವ ಕೋಣೆಯ ಹೊಸಿಲಲ್ಲೇ ನಿಲ್ಲುತ್ತಾನೆ. "ಒಳಗೆ ಬರಲ್ಲಪ್ಪ, ನನ್ ಕೈಗೆ ಏನಾದ್ರೂ ತಾಗಿ ಬಿದ್ರೆ?"

ಬೂಟು ಕಾಣೆಯಾದಾಗ ನನಗೆ ಒಂಬತ್ತು, ಅಣ್ಣನಿಗೆ ಹನ್ನೆರಡು. ಊಟದ ಮೇಜೇ ಅಪ್ಪನ ನ್ಯಾಯಾಲಯ. ಬೂಟೆಲ್ಲಿ? ಹಿಂದಿನ ದಿನ ಸಿಪಾಯಿಯ ಜೊತೆ ಆಡಿದವನು ಅಣ್ಣ. ಪಾಪ, ತಲೆ ಕೆರೆದುಕೊಂಡು, "ನಾನೇ ಎಲ್ಲೋ ಬೀಳಿಸಿರ್ಬೇಕು" ಎಂದ. ಅಪ್ಪ ಸಿಪಾಯಿಯನ್ನು ನನ್ನ ಕೈಗಿಟ್ಟರು. "ಇವನು ಜೋಪಾನ ಮಾಡ್ತಾನೆ. ನಿನ್ ಕೈಗೆ ಇನ್ನೇನೂ ಕೊಡಲ್ಲ." ಹೇಳಿದಂತೆಯೇ ನಡೆದರು. ಸೈಕಲ್ಲು ನನಗೆ. ಕೈಗಡಿಯಾರ ನನಗೆ. ಸಿಪಾಯಿಗಿಟ್ಟ ಅಡ್ಡಹೆಸರು ಅಣ್ಣನಿಗೂ ಅಂಟಿತು. ಮದುವೆಯ ಮನೆಯಲ್ಲೂ ಚಿಕ್ಕಪ್ಪಂದಿರು ಹಾಗೇ ಕರೆದರು.

ನಾನು ಅಂದು ಸುಳ್ಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ತರ್ಕದಲ್ಲಿ ಇವೆರಡೂ ಬೇರೆ ಬೇರೆ.

ಫೆಬ್ರವರಿ ೧೩, ಗುರುವಾರ

ಬೇರೆಯೇ.

ಫೆಬ್ರವರಿ ೧೯, ಬುಧವಾರ. ಮಧ್ಯಾಹ್ನ ೧೨.೨೦

ಹಲ್ಲಿನ ಡಾಕ್ಟರಲ್ಲಿ ಎರಡನೇ ಭೇಟಿ. ಬೂಟು ಜೇಬಿನಲ್ಲಿತ್ತು. ಬುಟ್ಟಿಗೆ ವಾಪಸು ಹಾಕಿಬಿಡೋಣವೆಂದು ಹೋಗಿದ್ದೆ, ಸತ್ಯವಾಗಿಯೂ. ನಲವತ್ತು ನಿಮಿಷ ವರಾಂಡದಲ್ಲಿ ಕೂತೆ, ಎದ್ದೆ, ಮೀನು ನೋಡಿದೆ, ಮತ್ತೆ ಕೂತೆ. ಹಾಕಲಿಲ್ಲ. ಆಮೇಲೆ ಹಾಕುವಂತೆಯೂ ಇರಲಿಲ್ಲ... ಇರಲಿ.

ಡಾಕ್ಟರಮ್ಮ ದೀಪ ಎಳೆದುಕೊಂಡರು. "ಬಾಯಿ ಬಿಡಿ ಸರ್."

ಪೊಲೀಸರೂ ಹೀಗೇ ಹೇಳುತ್ತಾರಲ್ಲ.

"ಮುಂದಿನ ಎರಡು ಹಲ್ಲಿನ ಅಂಚು ಸವೆದಿದೆಯಲ್ಲ. ಚಿಕ್ಕಂದಿನಲ್ಲಿ ಏನಾದ್ರೂ ಜಗಿಯೋ ಅಭ್ಯಾಸ ಇತ್ತಾ? ಪೆನ್ಸಿಲ್ಲು, ಕಾಲರು?"

"ಆ... ಆ..."

"ಇತ್ತು ಅಂತಾನಾ, ಇಲ್ಲ ಅಂತಾನಾ?"

"ಆ..."

ಬಾಯಿ ಬಿಟ್ಟಷ್ಟೂ ಬಾಯಿ ಬಿಡಲಾಗದ ಜಾಗ ಅದೊಂದೇ. ಪುಣ್ಯ.

ಫೆಬ್ರವರಿ ೨೨, ಶನಿವಾರ. ಸಂಜೆ ೪

ಯೋಜನೆ ಸಿದ್ಧ. ನಾಳೆ ಪ್ರದರ್ಶನದಲ್ಲಿ ಒಂಟಿಬೂಟಿನ ಪಕ್ಕದಲ್ಲಿ ಬೂಟು ಇಡುವುದು. ಎಲ್ಲ ಮುಗಿದ ಮೇಲೆ ಹೆಂಡತಿಯ ಹೇರ್ ಡ್ರೈಯರ್‌ನಿಂದ ರಬ್ಬರು ಬೆಚ್ಚಗೆ ಮಾಡಿ, ಅಣ್ಣನ ಎದುರೇ ಎಡಗಾಲಿಗೆ ತೊಡಿಸಿ, ಸಿಪಾಯಿಯನ್ನು ಅವನಿಗೇ ಕೊಟ್ಟುಬಿಡುವುದು. ಬೂಟು ಸಿಕ್ಕಿತು, ಮೊಕದ್ದಮೆ ವಜಾ. ಯಾರೂ ಏನೂ ಹೇಳಬೇಕಾಗಿಲ್ಲ. ಮುಖ್ಯವಾಗಿ ನಾನು.

ಚೀಟಿ ಐದು ಸಲ ಬರೆದೆ. 'ಎಡಗಾಲ ಬೂಟು. ರಿಸರ್ವ್ ಪಡೆ. ಅತ್ಯಪರೂಪ.' ಕುರ್ಚಿಯಲ್ಲಿ ಮುಳ್ಳಿದ್ದಂತೆ ಎದ್ದೆ, ಕೂತೆ.

"ಅಣ್ಣ ಬರೋದಕ್ಕೆ ಯಾಕ್ರೀ ಈ ಚಡಪಡಿಕೆ? ಅರವತ್ತಮೂರು ಸಿಪಾಯಿಗಳು ತೆಪ್ಪಗಿದಾರೆ, ಕವಾಯತು ನೀವೊಬ್ರೇ ಮಾಡ್ತಿದೀರ."

ಫೆಬ್ರವರಿ ೨೩, ಭಾನುವಾರ. ಸಂಜೆ ೭

ಹಾಲ್ ತುಂಬಿತ್ತು. ಮಾತು ಚೆನ್ನಾಗಿಯೇ ಬಂತು. ಚಪ್ಪಾಳೆಯೂ. ಆಮೇಲೆ ಅಣ್ಣ ಬಂದ. ಕೂದಲು ಪೂರಾ ಬೆಳ್ಳಗಾಗಿದೆ. ಮೇಜಿಗೆ ಒಂದು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತ.

"ಮುಟ್ಟೋ ಪರವಾಗಿಲ್ಲ," ಎಂದು ಬೂಟನ್ನು ನಾನೇ ಅವನ ಅಂಗೈಯಲ್ಲಿಟ್ಟೆ.

ತಿರುಗಿಸಿದ. ಕನ್ನಡಕ ಹಣೆಗೇರಿಸಿ ಒಳಗೆ ನೋಡಿದ. ಲಾರಿ ಬಿಡಿಭಾಗಗಳ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದವನು. ನನ್ನ ಕಿವಿಯ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಹೇಳಿದ: "ಪುಟ್ಟಾ, R ಅಂದ್ರೆ ರೈಟು ಕಣೋ. ಇದು ಬಲಗಾಲಿಂದು."

ಪಕ್ಕದಲ್ಲಿದ್ದ ಗಡಿಯಾರ ರಿಪೇರಿಯವರಿಗೆ ಅದು ಕೇಳಿಯೇ ಕೇಳಿತು. ಬೂಟು ಇಸಿದುಕೊಂಡು ಹೆಬ್ಬೆರಳ ಕಡೆಯ ಬಾಗು ನೋಡಿ, ನನ್ನನ್ನು ನೋಡಿ, "ಮೇಷ್ಟ್ರಿಗೆ ಕಾಲ ಗೊತ್ತು, ಕಾಲು ಗೊತ್ತಿಲ್ಲ" ಎಂದರು. ಶ್ಲೇಷೆಯಲ್ಲಿ ನನ್ನನ್ನು ಮೀರಿಸಿದ ಮೊದಲ ಮನುಷ್ಯ. ಹೊಟ್ಟೆಕಿಚ್ಚು ಪಡುವ ಸ್ಥಿತಿಯಲ್ಲೂ ನಾನಿರಲಿಲ್ಲ.

"ತುದೀಲಿ ಏನೋ ಇಲಿ ಕಚ್ಚಿದ ಹಾಗಿದೆಯಲ್ಲೋ," ಎಂದ ಅಣ್ಣ, ಮಾತು ಮರೆಸಲು.

"ಹಳೇದಲ್ವಾ," ಎಂದೆ.

ಅವನು ಜೇಬಿನಿಂದ ಮಾತ್ರೆಯ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಸುರಿದ. ಪುಟ್ಟ ಪುಟ್ಟ ಬೂಟುಗಳು. ಕಪ್ಪು, ಕಂದು, ಒಂದು ಹಸಿರು ಕೂಡ. ಹನ್ನೊಂದು. ಎಲ್ಲವೂ ಎಡಗಾಲಿನವು.

"ಹಳೇ ಸಾಮಾನು ಎಲ್ಲಿ ಕಂಡ್ರೂ ಬಗ್ಗಿ ಕೆದಕ್ತೀನಿ. ನಿಮ್ಮತ್ತಿಗೆ ಬೈತಾಳೆ, ಗುಜರಿ ಆಯೋನ ಥರ ಅಂತ. ಇದ್ರಲ್ಲಿ ಯಾವುದೂ ಆ ಬೂಟಲ್ಲ, ನಂಗೂ ಗೊತ್ತು. ಆದ್ರೂ... ನಿಂದು ಕಳೆದಿದ್ದು ನಾನಲ್ವೇನೋ."

ನಿಂದು ಎಂದ. ನಮ್ಮದು ಎನ್ನಲಿಲ್ಲ.

ಫೆಬ್ರವರಿ ೨೪, ಸೋಮವಾರ. ಬೆಳಿಗ್ಗೆ ೭.೧೫

ಹಜಾರದಲ್ಲಿ ಹೇರ್ ಡ್ರೈಯರ್ ಗುಂಯ್‌ಗುಡುತ್ತಿದೆ. ಅಣ್ಣನೂ ಹೆಂಡತಿಯೂ ಹನ್ನೊಂದು ಬೂಟುಗಳನ್ನು ಒಂದೊಂದಾಗಿ ಸಿಪಾಯಿಯ ಎಡಗಾಲಿಗೆ ತೊಡಿಸಿ ನೋಡುತ್ತಿದ್ದಾರೆ. ನಗು ಕೇಳಿಸುತ್ತಿದೆ. "ಇದು ಹಾಕಿದ್ರೆ ನಿಮ್ ತಮ್ಮನ ಹಾಗೇ ಕುಂಟ್ತಾನೆ ನೋಡಿ ಭಾವ." ಒಂಬತ್ತಕ್ಕೆ ಅಣ್ಣನ ಬಸ್ಸು.

ಈಗ ಹೋಗಬೇಕು. ಹೋಗಿ ಬಾಯಿ ಬಿಡಬೇಕು. ಮೊದಲು ಇಲ್ಲಿ ತಾಲೀಮು.

ಅಣ್ಣಾ, ಬೂಟನ್ನು ನೀನು ಕಳೆಯಲಿಲ್ಲ. ಆ ಮಧ್ಯಾಹ್ನ ನೀನು ಮಲಗಿದ್ದಾಗ ನಾನು ಮೇಜಿನ ಕೆಳಗೆ ಕೂತು ಅದನ್ನು ಜಗಿದೆ. ಮೆತ್ತಗಿತ್ತು, ಹೊಸ ಸ್ಕೂಲ್‌ಬ್ಯಾಗಿನ ವಾಸನೆ. ಮೊದಲು ತುದಿ, ಆಮೇಲೆ ಹಿಮ್ಮಡಿ... ಬೂಟೆಂದು ಹೇಳುವಂಥದ್ದು ಏನೂ ಉಳಿಯಲಿಲ್ಲ. ಉಳಿದದ್ದನ್ನು ಬಚ್ಚಲ ತೂತಿಗೆ ತುರುಕಿದೆ. ಕೈಯಿಂದ ಏನೂ ಹಾಳಾಗಿಲ್ಲ ಎಂದು ಜಂಬ ಕೊಚ್ಚಿಕೊಂಡೆನಲ್ಲ, ತರ್ಕಬದ್ಧವಾಗಿ ಅದು ನಿಜ. ಕೈಯಿಂದಲ್ಲ.

"ಪುಟ್ಟಾ, ಬಾರೋ! ಕಂದು ಬಣ್ಣದ್ದು ಹೆಚ್ಚುಕಮ್ಮಿ ಕೂತ್ಕೊಳ್ತು!"

ಬಂದೆ ಅಣ್ಣಾ. ಇನ್ನೊಂದೇ ಸಾಲು. ನಿನ್ನೆಯ ಆ ಬೂಟಿನ ತುದಿ ಕಚ್ಚಿದ್ದು ಇಲಿಯಲ್ಲ. ಬುಧವಾರ ಡಾಕ್ಟರ ವರಾಂಡದಲ್ಲಿ ಕಾಯುತ್ತಾ ಕೂತಿದ್ದೆನಲ್ಲ, ಹಾಕಲೋ ಬೇಡವೋ ಎಂದು ಯೋಚಿಸುತ್ತಾ, ಗೊತ್ತಿಲ್ಲದೇನೇ, ಐವತ್ತೊಂದು ವರ್ಷದ ನಾನು, ಮತ್ತೆ—